ಹಾಲೆಂಡಿನ ಗೋಡೆಯ ಮೇಲೆ ಅಪ್ಪ

ಗುಬ್ಬಿ, ಹೊರಡುವ ಮುಂಚೆ

ವಿದೇಶಕ್ಕೆ ಹೋಗಿಬಂದವರೆಲ್ಲ ವಿಮಾನದಿಂದ ಕಥೆ ಶುರುಮಾಡುತ್ತಾರೆ. ನಾನು ಒಂದು ಕುರ್ಚಿಯಿಂದ ಶುರುಮಾಡಬೇಕು. ಗುಬ್ಬಿಯ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮದೊಂದು ಫೋಟೋ ಸ್ಟುಡಿಯೋ ಇದೆ. ಅಪ್ಪ ಇಟ್ಟದ್ದು, ಈಗ ನಾನು ನಡೆಸುತ್ತಿರುವುದು. ಅಲ್ಲಿರುವ ಕೈಹಿಡಿಯ ಮರದ ಕುರ್ಚಿಯ ಮೇಲೆ ಅರ್ಧ ಗುಬ್ಬಿ ಕೂತಿದೆ. ಹೊಸದಾಗಿ ಮದುವೆಯಾದವರು, ಮೊದಲ ಹುಟ್ಟುಹಬ್ಬದ ಕೂಸು, ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ, ಎಲ್ಲರೂ. ಕೂರದೆ ಉಳಿದವರು ಅಪ್ಪ ಒಬ್ಬರೇ.

"ಕ್ಯಾಮೆರಾ ಹಿಂದೆ ಇರೋನು ಮುಂದಕ್ಕೆ ಬಂದ್ರೆ ಲೈಟು ಯಾರು ನೋಡ್ಕೊಳ್ಳೋದು?" ಎನ್ನುತ್ತಿದ್ದರು. ಅವರ ಮದುವೆಯ ಫೋಟೋ ಗೆದ್ದಲಿನ ಪಾಲಾಗಿತ್ತು. ಓಟಿನ ಗುರುತಿನ ಚೀಟಿಗೆ ಫೋಟೋ ತೆಗೆಯುವವರು ನಮ್ಮ ಬೀದಿಗೆ ಬಂದ ದಿನ ಅಪ್ಪ ಕುಣಿಗಲ್ಲಿನ ಒಂದು ಮದುವೆಯಲ್ಲಿ ಬೇರೆಯವರ ಫೋಟೋ ತೆಗೆಯುತ್ತಿದ್ದರು. ತೊಂಬತ್ತರ ದಶಕದ ನಡುವೆ ಒಂದು ಬೆಳಗ್ಗೆ ಕಾಫಿ ಲೋಟ ಕೆಳಗಿಟ್ಟವರು ಹಾಗೇ ಹೋಗಿಬಿಟ್ಟಾಗ, ಅವರದು ಅಂತ ಒಂದೇ ಒಂದು ಫೋಟೋ ನಮ್ಮ ಮನೆಯಲ್ಲಿರಲಿಲ್ಲ.

ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಹಣೆಗೆ ವಿಭೂತಿ ಬಳಿದು, ತಲೆಗೆ ಪೇಟ ಸುತ್ತಿ, ಕೊರಳಿಗೆ ಹಾರ ಹಾಕಿ ಕುರ್ಚಿಯಲ್ಲಿ ಕೂರಿಸುತ್ತೇವೆ. ಮನೆಮಂದಿ ಅಕ್ಕಪಕ್ಕ ನಿಂತು ಕಡೆಯ ಫೋಟೋ ತೆಗೆಸಿಕೊಳ್ಳುವುದು ವಾಡಿಕೆ. ಸುತ್ತಲ ಹಳ್ಳಿಗಳವರು ಇದಕ್ಕೆ ಅಪ್ಪನನ್ನೇ ಕರೆಯುತ್ತಿದ್ದರು. ಅಪ್ಪನಿಗೊಂದು ಚಾಳಿಯಿತ್ತು. ಕ್ಲಿಕ್ ಮಾಡುವ ಮುಂಚೆ, ಬದುಕಿರುವವರಿಗೆ ಹೇಳುವ ಹಾಗೆಯೇ ಕುರ್ಚಿಯಲ್ಲಿರುವವರಿಗೂ "ಯಜಮಾನ್ರೇ, ಅಲುಗ್ಬೇಡಿ" ಎನ್ನುತ್ತಿದ್ದರು. ತಮಾಷೆಗಲ್ಲ. "ಅವ್ರೂ ಗಿರಾಕಿನೇ ತಾನೇ? ಮರ್ಯಾದೆ ಕೊಡ್ಬೇಕು" ಎಂಬುದು ಅವರ ನ್ಯಾಯ.

ಅಪ್ಪನನ್ನು ಸ್ಟುಡಿಯೋದ ಅದೇ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ಅಮ್ಮ ನಿಂತಳು, ಹಿಂದೆ ಕುಣಿಗಲ್ಲಿನ ಸೋದರಮಾವ ಮತ್ತು ನೆಂಟರು. ಫೋಟೋ ತೆಗೆಯಲು ಬೇರೆ ಯಾರನ್ನು ಕರೆಯುವುದು? ನಾನೇ ನಿಂತೆ. ಮೇಲಿನಿಂದ ಬಗ್ಗಿ ನೋಡುವ ಅಪ್ಪನ ಹಳೇ ಕ್ಯಾಮೆರಾ. ಅದರ ಗಾಜಿನ ಮೇಲೆ ನನ್ನ ಕಣ್ಣೀರು ತೊಟ್ಟಿಕ್ಕಿ ಎಲ್ಲ ಮಸುಕಾಗಿತ್ತು. ಅಭ್ಯಾಸಬಲ, ಬಾಯಿಗೆ ಬಂದೇ ಬಿಟ್ಟಿತು: "ಅಪ್ಪಾ, ಅಲುಗ್ಬೇಡಿ." ಒತ್ತಿದೆ. ಆಗ ಯಾರದೋ ಗಂಟಲಿನಿಂದ ಸಣ್ಣದೊಂದು ಸದ್ದು ಬಂತು. ಬಿಕ್ಕಿದ್ದಿರಬೇಕು ಎಂದುಕೊಂಡೆ.

ಹನ್ನೊಂದನೆಯ ದಿನ ಅಂಗೈಯಗಲದ ಪ್ರಿಂಟ್ ಹಾಕಿ ಅಮ್ಮನ ಕೈಗಿಟ್ಟೆ. ಒಂದು ಗಳಿಗೆ ನೋಡಿದಳು. ಮಗುಚಿ ವಾಪಸ್ ಕೊಟ್ಟಳು.

"ಇದ್ನ ಗೋಡೆಗೆ ಹಾಕ್ಬೇಡ ಕಣೇ ಗಿರ್ಜಾ. ಯಾರ್ಗೂ ತೋರಿಸ್ಲೂ ಬೇಡ. ಆಣೆ ಮಾಡು."

ಮಾಡಿದೆ. ಊರವರ ಗೋಡೆಗಳ ಮೇಲೆಲ್ಲ ಅಪ್ಪ ತೆಗೆದ ಫೋಟೋಗಳು. ನಮ್ಮ ನಡುಮನೆಯ ಗೋಡೆ ಮಾತ್ರ ಎಂಟು ವರ್ಷ ಬೋಳಾಗಿಯೇ ಇತ್ತು. ಸತ್ತ ಗಂಡನನ್ನು ನೋಡಲಾರಳು ಎಂದು ನಾನು ತಿಳಿದೆ, ಕೇಳಲಿಲ್ಲ.

ಆಮೇಲೆ ನಾಗವೇಣಿಯ ಕಿತಾಪತಿ. ಅವಳು ತುಮಕೂರಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನನ್ನ ಗೆಳತಿ. ಹಾಲೆಂಡಿನ ಯಾವುದೋ ಊರಿನ ಲೈಬ್ರರಿಯವರು ಸಣ್ಣ ಊರುಗಳ ಸ್ಟುಡಿಯೋ ಫೋಟೋಗಳ ಪ್ರದರ್ಶನ ಮಾಡುತ್ತಾರಂತೆ, ಆಯ್ಕೆಯಾದವರನ್ನು ಅವರೇ ಕರೆಸಿಕೊಳ್ಳುತ್ತಾರಂತೆ. ಐದು ನೆಗೆಟಿವ್ ಕಳಿಸಬೇಕು. ಫೋಟೋದ ಕೆಳಗೆ ಅಂಟಿಸುವ ವಿವರದ ಪಟ್ಟಿ ಮಾತ್ರ ಬೇರೆ ಕವರಿನಲ್ಲಿ, ಬಾಯಿ ಮುಚ್ಚಿ. ಪ್ರದರ್ಶನದ ನಾಲ್ಕನೆಯ ದಿನದವರೆಗೆ ಅದನ್ನು ಅವರೂ ಒಡೆಯುವುದಿಲ್ಲ. ನಾಲ್ಕು ಮದುವೆ ನೆಗೆಟಿವ್ ಆರಿಸಿದೆ. ಐದನೆಯದಕ್ಕೆ ಕೈ ತಾನಾಗಿ ಅಪ್ಪನ ಲಕೋಟೆಗೆ ಹೋಯಿತು. ಅವರು ಆರಿಸಿದ್ದೂ ಅದನ್ನೇ.

ಆಣೆ ಮಾಡಿದ್ದು ಗುಬ್ಬಿಯ ಗೋಡೆಗೆ, ಹಾಲೆಂಡಿನ ಗೋಡೆಗಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ಆದರೆ "ಯಾರ್ಗೂ ತೋರಿಸ್ಬೇಡ" ಎಂದದ್ದಕ್ಕೆ ಯಾವ ಸಮಾಧಾನವೂ ಹೊಂದಲಿಲ್ಲ. ಅಮ್ಮನಿಗೆ ಅಮೃತೂರಿನ ಮದುವೆ ಫೋಟೋ ಎಂದು ಸುಳ್ಳು ಹೇಳಿದೆ.

"ಅಷ್ಟು ದೂರ ಹೋಗಿ ಅಮೃತೂರಿನ ಮದ್ವೆ ತೋರಿಸ್ತೀಯಾ? ಅಲ್ಲಿ ಜನ ಮದ್ವೆ ಮಾಡ್ಕೊಳ್ಳಲ್ವೇನೇ?" ಎಂದು ಅಮ್ಮ ನಕ್ಕು, ಒಂದು ಡಬ್ಬಿ ಹುರಿಗಡಲೆ ಚಟ್ನಿಪುಡಿ ಕಟ್ಟಿಕೊಟ್ಟಳು. ಆ ಡಬ್ಬಿ ಚೀಲದಲ್ಲಿ ಎಲ್ಲಕ್ಕಿಂತ ಭಾರವಾಗಿತ್ತು.

ಮೊದಲ ದಿನ, ಪರದೆಯಿಲ್ಲದ ಊರು

ಆ ಊರಿನ ಹೆಸರು ನನಗೆ ಇವತ್ತಿಗೂ ಹೇಳಲು ಬಾರದು. ಕೆಮ್ಮು ಬಂದವರು ಗಂಟಲು ಸರಿಮಾಡಿಕೊಂಡಂತೆ ಶುರುವಾಗುತ್ತದೆ, ಮುಗಿಯುವಷ್ಟರಲ್ಲಿ ನೀರು ಬೇಕಾಗುತ್ತದೆ. ಲೈಬ್ರರಿಯ ಮುಖ್ಯಸ್ಥೆ ಮಾರ್ಗ್ರಿತ್ ನನ್ನನ್ನು ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಐವತ್ತು ದಾಟಿದ ಹೆಂಗಸು, ಗಂಡಸರ ಹಾಗೆ ದಾಪುಗಾಲು, ಮಗುವಿನ ಹಾಗೆ ನಗು.

ನೆಲವೆಲ್ಲ ಚಪ್ಪಟೆ. ಯಾರೋ ಲಟ್ಟಣಿಗೆ ಆಡಿಸಿ ಬಿಟ್ಟಂತಿದೆ. ನಮ್ಮ ದೇವರಾಯನದುರ್ಗದ ಸುದ್ದಿ ಹೇಳಿ, ನಿಮ್ಮಲ್ಲಿ ಬೆಟ್ಟ ಎಲ್ಲಿದೆ ಎಂದು ಕೇಳಿದೆ. ಮಾರ್ಗ್ರಿತ್ ಹೆಮ್ಮೆಯಿಂದ ಕರೆದುಕೊಂಡು ಹೋಗಿ ತೋರಿಸಿದ್ದು ಗುಬ್ಬಿ ಕೆರೆ ಏರಿಯಷ್ಟು ಎತ್ತರದ ಒಂದು ದಿಬ್ಬ. ಅದನ್ನು ಹತ್ತಿ ನಿಂತು ಉಸಿರು ಬೇರೆ ಎಳೆದುಕೊಂಡರು. ಇಳಿಯುವಾಗ ನಾನು ಸೈಕಲ್ಲುಗಳಿಗೆಂದೇ ಬಿಟ್ಟ ದಾರಿಯಲ್ಲಿ ನಡೆದುಬಿಟ್ಟೆ. ಎಪ್ಪತ್ತರ ಅಜ್ಜಿಯೊಬ್ಬಳು ಬೆಲ್ಲು ಬಾರಿಸುತ್ತಾ ಬಂದು ಬೈದೇ ಹೋದಳು. ಭಾಷೆ ತಿಳಿಯದಿದ್ದರೂ ಬೈಗುಳ ಎಂಬುದು ಚೆನ್ನಾಗಿ ತಿಳಿಯಿತು.

ಮನೆಗಳ ಕಿಟಕಿಗೆ ಪರದೆ ಹಾಕುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗಿನವರು ತಿನ್ನುವುದು, ಓದುವುದು, ತೂಕಡಿಸುವುದು ಎಲ್ಲ ಕಾಣುತ್ತದೆ. ಆದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಪರದೆ ಹಾಕಿದರೂ ಅದರ ಸಂದಿಯಲ್ಲಿ ಊರು ಇಣುಕುತ್ತದೆ. ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಬ್ರೆಡ್ಡು, ಅದರ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ದೊಡ್ಡವರೇ ತಿನ್ನುತ್ತಾರೆ. ನಾನು ನನ್ನ ಬ್ರೆಡ್ಡಿಗೆ ಅಮ್ಮನ ಚಟ್ನಿಪುಡಿ ಉದುರಿಸಿದೆ. ಮಾರ್ಗ್ರಿತ್ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಚಿಟಿಕೆ ಕೇಳಿದರು. ಆಗಲೇ ನನಗೆ ಅವರ ಮೇಲೆ ಅಕ್ಕರೆ ಹುಟ್ಟಿತು.

ಎರಡನೆಯ ದಿನ, ಚೀಟಿಗಳು

ಪ್ರದರ್ಶನ ನಾನು ಬಂದ ದಿನವೇ ಶುರುವಾಗಿತ್ತು. ಅದರ ನಿಯಮ ವಿಚಿತ್ರ. ಮೊದಲ ಮೂರು ದಿನ ಫೋಟೋಗಳ ಕೆಳಗೆ ಏನೂ ಬರೆದಿರುವುದಿಲ್ಲ. ನೋಡಿದವರು ತಮಗೆ ತೋಚಿದ್ದನ್ನು ಚೀಟಿಯಲ್ಲಿ ಬರೆದು ಪಕ್ಕದ ಡಬ್ಬಿಗೆ ಹಾಕಬೇಕು. ಫೋಟೋ ತೆಗೆದವರು ಅಲ್ಲೇ ಇರಬಹುದು, ಬಾಯಿ ಬಿಡುವ ಹಾಗಿಲ್ಲ. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೆ?

ಅಪ್ಪನನ್ನು ಬಾಗಿಲಿನಷ್ಟು ಎತ್ತರಕ್ಕೆ ಪ್ರಿಂಟ್ ಮಾಡಿ, ಒಳಗೆ ಬರುತ್ತಲೇ ಎದುರಾಗುವ ಗೋಡೆಗೆ ಹಾಕಿದ್ದರು. ನೋಡಿದವಳೇ ನಿಂತುಬಿಟ್ಟೆ. ಅಂಗೈಯಗಲ ಇದ್ದವರು ಎಂಟು ವರ್ಷದ ಮೇಲೆ ಆಳೆತ್ತರ ಎದ್ದು ಬಂದು ಕೂತಿದ್ದರು. ಹಾರದ ಸೇವಂತಿಗೆಯ ಎಸಳು ಎಣಿಸಬಹುದಿತ್ತು. ನಾನು ಅಪ್ಪನ ಮುಖ ಬಿಟ್ಟು ಬೇರೇನೂ ನೋಡಲಿಲ್ಲ.

ಹೊತ್ತು ಹೋಗಲೆಂದು ನಾನೂ ಬೇರೆಯವರ ಫೋಟೋಗಳಿಗೆ ಚೀಟಿ ಬರೆದೆ. ಒಂದರಲ್ಲಿ ಮುದುಕಿಯೊಬ್ಬಳು ದೊಡ್ಡ ಮೇಜಿನ ಮುಂದೆ ಒಬ್ಬಳೇ ಕೂತಿದ್ದಳು. ಎದುರಿಗೆ ಒಂದೇ ಕಪ್ಪು, ಸುತ್ತ ಖಾಲಿ ಕುರ್ಚಿಗಳು. 'ಪಾಪ, ಮಕ್ಕಳು ಕೈಬಿಟ್ಟ ತಾಯಿ' ಎಂದು ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಬರೆದು ಹಾಕಿದೆ.

ಸಂಜೆ ಮಾರ್ಗ್ರಿತ್ ಅಪ್ಪನ ಡಬ್ಬಿ ತೆರೆದು, ಒಂದೊಂದೇ ಚೀಟಿಯನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಗೀಚಿಕೊಂಡೆ.

'ಅಭಿನಂದನೆಗಳು!'

'ಅಜ್ಜ ಹೊಟ್ಟೆ ತುಂಬ ಉಂಡಿದ್ದಾನೆ, ನಿದ್ದೆ ಎಳೆಯುತ್ತಿದೆ.'

'ಇಡೀ ಮನೆಗೆ ಅಭಿನಂದನೆಗಳು!'

'ಹಿಂದೆ ನಿಂತವನು ನಗು ತಡೆದುಕೊಂಡಿದ್ದಾನೆ. ಅಜ್ಜ ಕಣ್ಣು ಮುಚ್ಚಿಕೊಂಡೇ ಏನೋ ಕೀಟಲೆ ಮಾಡಿರಬೇಕು.'

'ಪಕ್ಕದ ಹೆಂಗಸು ನಗುತ್ತಿದ್ದಾಳೆ. ಬಹಳ ಕಾಲ ಜೊತೆಗೆ ಬಾಳಿದವಳು ಮಾತ್ರ ಹೀಗೆ ನಗಬಲ್ಲಳು. ಅವನು ಈಗ ತಾನೇ ಏನೋ ಅಂದಿದ್ದಾನೆ.'

ನನ್ನ ಪಿತ್ತ ನೆತ್ತಿಗೇರಿತು. ಅಪ್ಪ ಸತ್ತದ್ದಕ್ಕೆ ಅಭಿನಂದನೆಯೇ? ಗಂಡನ ಹೆಣದ ಪಕ್ಕ ನಿಂತ ನನ್ನಮ್ಮ ನಗುತ್ತಿದ್ದಾಳೆಯೇ? ಇವರಿಗೆ ಕಣ್ಣಿಲ್ಲವೇ? ನಾಲಿಗೆ ತುದಿಗೆ ಬಂದದ್ದನ್ನು ನಿಯಮ ನೆನೆದು ನುಂಗಿದೆ. ಅಮ್ಮನ ಆಣೆ ಮುರಿದು ತಂದವಳು ನಾನು, ಈ ಮಾತು ಕೇಳಿಸಿಕೊಳ್ಳಲೆಂದೇ ತಂದೆನೇ ಎನಿಸಿ ಸಂಕಟವಾಯಿತು.

ಮೂರನೆಯ ದಿನ, ಅಲಂಕಾರದ ಕುರ್ಚಿ

ಮರುದಿನ ಮಾರ್ಗ್ರಿತ್ ತಮ್ಮ ಗಂಡನ ತಂದೆಯ ಮನೆಗೆ ಕರೆದುಕೊಂಡು ಹೋದರು. ಯಾಕೆ ಎಂದು ದಾರಿಯಲ್ಲಿ ಹೇಳಿದ್ದರೇನೋ, ನಾನು ಸೈಕಲ್ಲುಗಳಿಂದ ಜೀವ ಉಳಿಸಿಕೊಳ್ಳುವ ಗಲಾಟೆಯಲ್ಲಿ ಕೇಳಿಸಿಕೊಂಡಿರಲಿಲ್ಲ.

ಬಾಗಿಲು ತೆರೆದರು. ನಡುಮನೆಯಲ್ಲಿ ಒಂದು ಕುರ್ಚಿ. ಅದಕ್ಕೆ ಹೂವಿನ ಮಾಲೆ, ಬಣ್ಣದ ಕಾಗದದ ಸರ. ಅದರಲ್ಲಿ ಎಂಬತ್ತು ದಾಟಿದ ಮುದುಕರು ಕಣ್ಣುಮುಚ್ಚಿ, ತಲೆ ಒಂದು ಪಕ್ಕಕ್ಕೆ ವಾಲಿಸಿ ಕೂತಿದ್ದಾರೆ. ಸುತ್ತ ಕುರ್ಚಿ ಹಾಕಿಕೊಂಡು ನೆಂಟರಿಷ್ಟರು, ಎಲ್ಲರ ತೊಡೆಯ ಮೇಲೂ ತಟ್ಟೆ, ಒಬ್ಬರೂ ಮಾತಾಡುತ್ತಿಲ್ಲ.

ಅಯ್ಯೋ ಶಿವನೇ, ಈ ಹೆಂಗಸು ಮಾವ ತೀರಿಕೊಂಡಿರುವಾಗಲೂ ನಿನ್ನೆಯಿಂದ ನಗುನಗುತ್ತಾ ನನ್ನನ್ನು ನೋಡಿಕೊಂಡಳಲ್ಲ ಎಂದು ಕಣ್ಣು ತುಂಬಿ ಬಂತು. ಚಪ್ಪಲಿ ಬಾಗಿಲಲ್ಲೇ ಬಿಟ್ಟೆ. ಸೆರಗು ಹೊದ್ದುಕೊಂಡೆ. ಮೆಲ್ಲನೆ ಹೋಗಿ, ಮಂಡಿಯೂರಿ, ಮುದುಕರ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು ಕೈಮುಗಿದೆ.

ಪಾದ ಅಲುಗಿತು. ಮುದುಕರು ಒಂದು ಕಣ್ಣು ತೆರೆದು ನನ್ನನ್ನು ನೋಡಿ ಏನೋ ಕೇಳಿದರು. ಮನೆಯೆಲ್ಲ ಗೊಳ್ಳೆಂದಿತು.

"ನಿಮಗೆ ಕಾಫಿ ಬೇಕಾ ಅಂತ ಕೇಳ್ತಿದ್ದಾರೆ" ಎಂದರು ಮಾರ್ಗ್ರಿತ್.

ಆಮೇಲೆ ಒಬ್ಬೊಬ್ಬರೇ ಎದ್ದು ಬಂದು ನನ್ನ ಕೈ ಕುಲುಕಿ "ಅಭಿನಂದನೆಗಳು" ಎಂದರು. ಅವತ್ತು ಮುದುಕರ ಹುಟ್ಟುಹಬ್ಬ. ಅಲ್ಲಿ ಹುಟ್ಟುಹಬ್ಬದವರ ಕುರ್ಚಿಗೆ ಹೂವು, ಸರ ಕಟ್ಟಿ ಸಿಂಗರಿಸುತ್ತಾರೆ. ಅಭಿನಂದನೆ ಅವರೊಬ್ಬರಿಗೇ ಅಲ್ಲ, ಮಗನಿಗೆ, ಸೊಸೆಗೆ, ಪಕ್ಕದ ಮನೆಯವರಿಗೆ, ಗುಬ್ಬಿಯಿಂದ ಬಂದವಳಿಗೂ. ನಾಚಿಕೆಯಿಂದ ನೀರಾಗಿಹೋದೆ. ನಮ್ಮಲ್ಲಿ ಹಿರಿಯರಿಗೆ ಹೀಗೇ ನಮಸ್ಕಾರ ಮಾಡುವುದು ಎಂದು ಹೇಳಿ ಮಾನ ಉಳಿಸಿಕೊಂಡೆ. ಮುದುಕರಿಗೆ ಬಹಳ ಖುಷಿಯಾಗಿ, ಮಗನ ಕಡೆ ಕೈತೋರಿಸಿ, ಇವನು ಒಂದು ದಿನವಾದರೂ ನನಗೆ ಹೀಗೆ ಮಾಡಿದ್ದಾನೆಯೇ ಎಂದು ತಕರಾರು ತೆಗೆದರು.

ಕೇಕು ತಿನ್ನುತ್ತಾ ಆ ಕುರ್ಚಿಯನ್ನೇ ನೋಡಿದೆ. ಹೂವು, ಹಾರ, ಕಣ್ಣುಮುಚ್ಚಿದ ಮುದುಕ, ಸುತ್ತ ಮನೆಮಂದಿ. ಅವರ ಹುಟ್ಟುಹಬ್ಬ ನನಗೆ ಸಾವಾಗಿ ಕಂಡಿದ್ದರೆ, ನಮ್ಮ ಸಾವು ಅವರಿಗೆ ಹುಟ್ಟುಹಬ್ಬವಾಗಿ ಕಂಡದ್ದರಲ್ಲಿ ಏನು ತಪ್ಪು? ನಿನ್ನೆಯ ಸಿಟ್ಟು ಕೇಕಿನ ಜೊತೆಗೇ ಇಳಿದುಹೋಯಿತು. ಆದರೆ 'ಪಕ್ಕದ ಹೆಂಗಸು ನಗುತ್ತಿದ್ದಾಳೆ' ಎಂಬ ಚೀಟಿ ಮಾತ್ರ ಗಂಟಲಲ್ಲೇ ಉಳಿಯಿತು.

ನಾಲ್ಕನೆಯ ದಿನ, ಪಟ್ಟಿ ಅಂಟಿಸಿದ ಮೇಲೆ

ಬೆಳಗ್ಗೆ ಕವರುಗಳನ್ನು ಒಡೆದರು. ನಾನು ಚೀಟಿ ಬರೆದಿದ್ದ ಮುದುಕಿಯ ಫೋಟೋದ ಕೆಳಗೆ ಬಂದ ಪಟ್ಟಿ ಹೀಗಿತ್ತು: 'ಒಂಬತ್ತು ಜನ ನೆಂಟರು ಕೊನೆಗೂ ಹೊರಟುಹೋದ ಬೆಳಗ್ಗೆ, ನನ್ನ ತಾಯಿ.' ತಿರುಗಿ ಫೋಟೋ ನೋಡಿದರೆ ಅದೇ ಮುದುಕಿ ಕಾಲು ಚಾಚಿ, ಕಪ್ಪಿನ ಮೇಲೆ ಕೈಯಿಟ್ಟು, ಪರಮ ಸುಖದಲ್ಲಿ ಕೂತಿದ್ದಳು. ಮೊನ್ನೆಯೂ ಹಾಗೇ ಕೂತಿದ್ದಳು. ಮಕ್ಕಳನ್ನು ಬೈದುಕೊಂಡವಳು ನಾನು.

ಮಾರ್ಗ್ರಿತ್ ನನ್ನ ಕವರು ಒಡೆದು ಓದಿ, ಹತ್ತಿರದ ಸ್ಟೂಲಿನ ಮೇಲೆ ಕೂತುಬಿಟ್ಟರು. 'ನನ್ನ ತಂದೆ, ತೀರಿಕೊಂಡ ದಿನ. ಗುಬ್ಬಿ.'

"ನಾನು ಹುಟ್ಟುಹಬ್ಬ ಅಂತಲೇ ಇದನ್ನು ಆರಿಸಿದ್ದೆ. ಅಂಟಿಸಲೇಬೇಕಾ?" ಎಂದು ಕೇಳಿದರು.

"ನಿಜ ತಾನೇ? ಅಂಟಿಸಿ" ಎಂದೆ.

ಅವತ್ತು ಬಂದವರು ಮೊದಲು ಪಟ್ಟಿ ಓದಿದರು, ಆಮೇಲೆ ತಲೆಯೆತ್ತಿದರು. ಜೋರಾಗಿ ಮಾತಾಡುತ್ತಿದ್ದವರು ಪಿಸುಗುಟ್ಟಿದರು. ಮೂರು ದಿನ ಒಬ್ಬೊಬ್ಬರದು ಒಂದೊಂದು ಕಥೆಯಾಗಿದ್ದ ಚೀಟಿಗಳು ಅವತ್ತು ಒಬ್ಬರೇ ಬರೆದಂತಿದ್ದವು. 'ಶೋಕ.' 'ಮನೆಯ ಯಜಮಾನನ ಸಾವು.' 'ಪಾಪ, ಹೆಂಡತಿ ಬಾಯಿಗೆ ಬಟ್ಟೆ ಒತ್ತಿಕೊಂಡು ಅಳುತ್ತಿದ್ದಾಳೆ.' 'ಹೆಂಡತಿಯ ಅಳು ನೋಡಲಾಗುವುದಿಲ್ಲ.' ಸೋದರಮಾವನ ತಡೆದ ನಗುವನ್ನಂತೂ ಒಬ್ಬರೂ ನೋಡಲಿಲ್ಲ.

ಮಧ್ಯಾಹ್ನ ನಿನ್ನೆಯ ಹುಟ್ಟುಹಬ್ಬದ ಮುದುಕರು ಕೋಲೂರಿಕೊಂಡು ಸೊಸೆಯ ಜೊತೆ ಬಂದರು. ಪಟ್ಟಿ ಓದಿದರು. ನನ್ನ ಕಡೆ ನೋಡಿದರು. ನಿನ್ನೆಯ ನಮಸ್ಕಾರ ಏನೆಂದು ಅವರಿಗೆ ಆಗ ಹೊಳೆದಿರಬೇಕು, ತುಟಿಯಂಚು ಒಂಚೂರು ಅಲುಗಿತು. ಆಮೇಲೆ ಫೋಟೋದ ಹತ್ತಿರ ಹೋಗಿ ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿ ಏನೋ ಹೇಳಿದರು.

ಮಾರ್ಗ್ರಿತ್ ನನಗೆ ತಿಳಿಸಿದರು: "ಹೆಂಗಸು ನಗುತ್ತಿದ್ದಾಳೆ ಎಂಬ ಆ ಚೀಟಿ ಇವರದಂತೆ. ಪಟ್ಟಿ ಏನಾದರೂ ಹೇಳಲಿ, ಆಕೆ ನಗುತ್ತಲೇ ಇದ್ದಾಳೆ ಅಂತಿದ್ದಾರೆ. ನನ್ನ ಹೆಂಡತಿಯೂ ಹೀಗೇ ನಗುತ್ತಿದ್ದಳು, ನನಗೆ ಗೊತ್ತು ಅಂತಿದ್ದಾರೆ."

ನಾನು ಚೀಲದಿಂದ ನೆಗೆಟಿವ್ ತಿದ್ದುವಾಗ ಬಳಸುವ ಭೂತಗನ್ನಡಿ ತೆಗೆದು, ಅಮ್ಮನ ಮುಖದ ಮೇಲೆ ಹಿಡಿದೆ. ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ. ಅಮ್ಮ ಅಳುವಾಗಲೂ ಹಾಗೇ, ನಗುವಾಗಲೂ ಹಾಗೇ. ಕಣ್ಣಿನ ಕೊನೆಯಲ್ಲಿ ಗೆರೆಗಳು. ನೀರೂ ಇದೆ. ನಲವತ್ತು ವರ್ಷ ನೋಡಿದ ಮುಖ. ಪಟ್ಟಿಯ ಮೇಲೆ ಕೈ ಅಡ್ಡ ಹಿಡಿದರೆ ನಗು, ಕೈ ತೆಗೆದರೆ ಅಳು. ನನಗೆ ತಿಳಿಯಲಿಲ್ಲ. ಹೆತ್ತ ಮಗಳಿಗೆ ತಿಳಿಯಲಿಲ್ಲವಲ್ಲ ಎಂದು ಬಹಳ ದುಃಖವಾಯಿತು.

ಹೊರಡುವ ದಿನ ಮಾರ್ಗ್ರಿತ್ ದೊಡ್ಡ ಪ್ರಿಂಟನ್ನು ಸುರುಳಿ ಸುತ್ತಿ ನನಗೇ ಕೊಟ್ಟರು. ಪಟ್ಟಿಯನ್ನು ನಾನು ಅಲ್ಲೇ ಬಿಟ್ಟುಬಂದೆ. ಚಟ್ನಿಪುಡಿಯ ಡಬ್ಬಿಯನ್ನೂ.

ಮತ್ತೆ ಗುಬ್ಬಿ

ಬಂದ ಮರುದಿನ ಬೆಳಗ್ಗೆ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಸುತ್ತಿ ಬಳಸಿ ಹೇಳುವುದು ನನ್ನ ಜಾಯಮಾನವಲ್ಲ. ಸುರುಳಿ ತಂದು ಅವಳ ಮುಂದೆ ನೆಲದ ಮೇಲೆ ಬಿಡಿಸಿದೆ. ಮಡಚಿಕೊಳ್ಳದಿರಲೆಂದು ನಾಲ್ಕು ಮೂಲೆಗೂ ಅಡುಗೆಮನೆಯ ಡಬ್ಬಿಗಳನ್ನು ಇಟ್ಟೆ.

ಅಮ್ಮ ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಿದಳು.

"ಆಣೆ ಮುರ್ದೆ."

"ಹೂಂ ಕಣಮ್ಮ. ಅಮೃತೂರಿನ ಮದ್ವೆ ಅಂತ ಸುಳ್ಳು ಹೇಳ್ದೆ."

"ಎಷ್ಟು ಜನ ನೋಡಿದ್ರು?"

"ಊರೆಲ್ಲ."

ಅಮ್ಮ ಮುಖ ತಿರುಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ನಾನು ನೋಟ್‌ಬುಕ್ಕು ತೆಗೆದು ಚೀಟಿಗಳನ್ನು ಓದತೊಡಗಿದೆ. ಅಭಿನಂದನೆಗಳು ಎಂದು ಯಾಕೆ ಬರೆದರು ಎಂಬುದನ್ನು ಮುದುಕರ ಕಾಲು ಹಿಡಿದ ಕಥೆಯ ಸಮೇತ ಹೇಳಿದೆ. ಅಮ್ಮನ ಬೆನ್ನು ಒಂದೆರಡು ಸಲ ಕುಲುಕಿತು. ಹೊಟ್ಟೆ ತುಂಬ ಉಂಡು ಕೂತಿದ್ದಾನೆ ಎಂಬ ಚೀಟಿಗೆ, "ಮುದ್ದೆ ಉಂಡ್ಮೇಲೆ ಹಿಂಗೇ ಕೂರೋರು, ನಿಜ" ಎಂದು ಮೆಲ್ಲಗೆ ಅಂದಳು. ಪಟ್ಟಿ ಅಂಟಿಸಿದ ಮೇಲೆ ಎಲ್ಲರೂ ಹೆಂಡತಿ ಅಳುತ್ತಿದ್ದಾಳೆ ಎಂದು ಬರೆದದ್ದನ್ನೂ ಓದಿದೆ. ಕಡೆಗೆ, ಬೇಕೆಂದೇ ಉಳಿಸಿಕೊಂಡಿದ್ದ ಮುದುಕರ ಚೀಟಿ ಓದಿದೆ. 'ಪಕ್ಕದ ಹೆಂಗಸು ನಗುತ್ತಿದ್ದಾಳೆ. ಅವನು ಈಗ ತಾನೇ ಏನೋ ಅಂದಿದ್ದಾನೆ.'

ಅಮ್ಮ ನನ್ನ ಕಡೆ ತಿರುಗಿದಳು.

"ಇನ್ನೊಂದ್ಸಲ ಓದು" ಎಂದಳು.

ಓದಿದೆ.

"ನಕ್ಕಿದೀನಿ ಕಣೇ" ಎಂದಳು ಅಮ್ಮ. "ಗಂಡ ಹೋದ ದಿನ, ಊರೋರೆಲ್ಲ ನಿಂತಿರೋವಾಗ ನಕ್ಕುಬುಟ್ಟಿದೀನಿ. ನೀನು ಕೊಟ್ಟ ಚಿಕ್ಕ ಫೋಟೋದಲ್ಲೇ ಕಾಣ್ತಿತ್ತು ನಂಗೆ. ಗೋಡೆಗೆ ಹಾಕಿದ್ರೆ ನೋಡ್ದೋರು ಏನಂತಾರೆ? ಅದ್ಕೇ ಬೇಡ ಅಂದಿದ್ದು."

"ಯಾಕಮ್ಮ ನಕ್ಕೆ?"

"ನೀನು ಅಲುಗ್ಬೇಡಿ ಅಂದ್ಯಲ್ಲ. ನಿನ್ ಧ್ವನಿ ಅಲ್ಲ ಕಣೇ ಅದು. ಅವ್ರೇ ಅಂದಂಗಾಯ್ತು. ಸತ್ತೋರ್ಗೆ ಹಂಗ್ಯಾಕೆ ಅಂತೀರಿ ಅಂತ ಮೂವತ್ತು ವರ್ಷ ಬೈದಿದ್ದೆ ಅವ್ರಿಗೆ. ಈಗ ಅವ್ರೇ ಕೂತವ್ರೆ, ಅವ್ರೇ ಅಂತವ್ರೆ. ನಗು ಬಂದ್ಬುಡ್ತು. ಆಮೇಲೆ ಎಂಟು ವರ್ಷದಿಂದ ಅದ್ಕೇ ಅಳ್ತಿದೀನಿ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಯಜಮಾನಪ್ಪಂಗೆ ಹೆಂಗೆ ಗೊತ್ತಾಯ್ತು?"

"ಅವ್ರ ಹೆಂಡ್ತಿನೂ ಹಂಗೇ ನಗ್ತಿದ್ರಂತೆ."

"ಪುಣ್ಯಾತ್ಮ" ಎಂದಳು. ಡಬ್ಬಿಗಳ ನಡುವೆ ಮಲಗಿದ್ದ ಅಪ್ಪನನ್ನು ಮೊದಲ ಸಲ ನೇರವಾಗಿ ನೋಡಿದಳು. ಹಾರದ ಮೇಲೆ ಬಿದ್ದಿದ್ದ ಅವರೆ ಸಿಪ್ಪೆಯೊಂದನ್ನು ತೆಗೆದು ಹಾಕಿದಳು. "ಕಟ್ಟು ಹಾಕಿಸ್ಕೊಂಡ್ ಬಾ. ಗಾಜು ಒಳ್ಳೇದಿರ್ಲಿ. ಮೊಳೆ ಐತೇನೇ ಮನೇಲಿ?"

ವಾರ ಕಳೆದು ಕಟ್ಟು ಬಂತು. ಸ್ಟೂಲು ಹತ್ತಿ ಮೊಳೆ ಹೊಡೆದೆ. ಹೊರಗೊಂದು ಹಾರ ಹಾಕಬೇಕೇ ಎಂದು ಕೇಳಿದರೆ, "ಕೊರಳಲ್ಲೇ ಐತಲ್ಲ, ಸಾಕು ಬುಡು" ಎಂದಳು. ಕೆಳಗೆ ಹೆಸರು, ದಿನ ಬರೆಸಲೇ ಎಂದೆ. ಅದಕ್ಕೂ ಬೇಡ ಎಂದಳು. ತಗುಲಿ ಹಾಕಿ ಕೈಬಿಟ್ಟಾಗ ಕಟ್ಟು ಮೊಳೆಯ ಮೇಲೆ ಆ ಕಡೆ ಈ ಕಡೆ ಓಲಾಡಿತು. ಅಮ್ಮ ಕೈಯೆತ್ತಿ ಹಿಡಿದು ನಿಲ್ಲಿಸಿದಳು.

"ಅಲುಗ್ಬೇಡಿ" ಎಂದಳು ಅಪ್ಪನಿಗೆ. ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ಕಣ್ಣು ಅವತ್ತಿನ ಹಾಗೆಯೇ ಮಂಜಾಗಿತ್ತು. ಆದರೂ ಈ ಸಲ ಸರಿಯಾಗಿ ನೋಡಿದೆ. ಅಮ್ಮ ನಗುತ್ತಿದ್ದಳು.